ಫಾರ್ಮ್ಯಾಟ್ ಮಾಡುವ ಮುನ್ನ: ಆಪರೇಟಿಂಗ್ ಸಿಸ್ಟಂ ದುರಸ್ತಿಯ ಇತಿಹಾಸ

ಪಶ್ಚಿಮ ಘಟ್ಟದ ಬುಡದಲ್ಲಿರುವ ಬೆಳ್ತಂಗಡಿ ತಾಲೂಕಿನಲ್ಲಿ ಮಳೆಗಾಲದಲ್ಲಿ ವಿದ್ಯುತ್ ಹೋಗುವುದು ಯಾರಿಗೂ ಸುದ್ದಿಯಲ್ಲ. ಗಾಳಿಗೆ ಮರದ ಗೆಲ್ಲು ತಂತಿಯ ಮೇಲೆ ಬಿದ್ದರೆ ಸಾಕು. ಒಮ್ಮೆ ಹೋಗಿ, ಅರೆಕ್ಷಣ ಬಂದು, ಮತ್ತೆ ಹೋಗುವ ವಿದ್ಯುತ್ತಂತೂ ಕಂಪ್ಯೂಟರಿಗೆ ಇನ್ನೂ ಕೆಟ್ಟದ್ದು. 2004ರ ಜುಲೈ ತಿಂಗಳ ಒಂದು ಸಂಜೆ ನಮ್ಮ ಶಾಲೆಯ ಕಂಪ್ಯೂಟರ್ ಹೀಗೆಯೇ ನಿಂತಿತು. ಯುಪಿಎಸ್ ಇತ್ತು, ಅದರ ಬ್ಯಾಟರಿ ಸತ್ತು ವರ್ಷವಾಗಿತ್ತು. ಮರುದಿನ ಬೆಳಿಗ್ಗೆ ಗುಂಡಿ ಒತ್ತಿದರೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳಲ್ಲಿ ಒಂದು ಸಂದೇಶ: ವಿಂಡೋಸ್ ಫೋಲ್ಡರಿನೊಳಗೆ, ಸಿಸ್ಟಂ32ರ ಒಳಗೆ, ಕಾನ್ಫಿಗ್ ಎಂಬಲ್ಲಿರುವ 'ಸಿಸ್ಟಂ' ಎಂಬ ಕಡತ ಕಾಣೆಯಾಗಿದೆ ಅಥವಾ ಕೆಟ್ಟಿದೆ, ಆದ್ದರಿಂದ ವಿಂಡೋಸ್ ಆರಂಭವಾಗದು.

ರಿಪೇರಿಯವರು ಬಂದು ನೋಡಿ ಹೇಳಿದ್ದು ಒಂದೇ ಮಾತು: "ಇದು ಫಾರ್ಮ್ಯಾಟ್ ಮಾಡಬೇಕು ಮಾಷ್ಟ್ರೇ, ಬೇರೆ ಎಂತ ಮಾಡ್ಲಿಕ್ಕೂ ಇಲ್ಲ." ನಾನು ಒಪ್ಪಿದೆ. ಸಂಜೆಯ ಹೊತ್ತಿಗೆ ಕಂಪ್ಯೂಟರ್ ಹೊಸದರಂತೆ ಮಿನುಗುತ್ತ ಮರಳಿತು. ಆದರೆ ನಮ್ಮ ವಿದ್ಯಾರ್ಥಿಗಳು ಒಂದು ವರ್ಷ ಮನೆಮನೆಗೆ ಹೋಗಿ ಕೇಳಿ ಬರೆದು ತಂದಿದ್ದ ಗದ್ದೆಗಳ ಹೆಸರಿನ ಪಟ್ಟಿ ಅದರಲ್ಲಿರಲಿಲ್ಲ. ಬೈಲು, ಮಜಲು, ಬೆಟ್ಟು ಎಂಬ ಮೂರು ಬಗೆಯ ಗದ್ದೆಗಳು ದಕ್ಷಿಣ ಕನ್ನಡದಲ್ಲಿ ಎಲ್ಲರಿಗೂ ಗೊತ್ತು. ಆದರೆ ಒಂದೊಂದು ಗದ್ದೆಗೂ ಅದರದೇ ಹೆಸರಿರುತ್ತದೆ. ಗದ್ದೆ ಅಡಿಕೆ ತೋಟವಾದ ಮೇಲೆ ಆ ಹೆಸರು ಹಿರಿಯರ ನಾಲಗೆಯ ಮೇಲೆ ಮಾತ್ರ ಉಳಿಯುತ್ತದೆ.

ಪಟ್ಟಿಯ ಅರ್ಧ 'ಮೈ ಡಾಕ್ಯುಮೆಂಟ್ಸ್'ನಲ್ಲಿತ್ತು, ಅಂದರೆ ಸಿ ಡ್ರೈವಿನಲ್ಲಿ. ಅದು ಅಳಿದುಹೋಗಿತ್ತು. ಉಳಿದರ್ಧ ಡಿ ಡ್ರೈವಿನಲ್ಲಿತ್ತು. ಅದು ಉಳಿದಿತ್ತು, ಆದರೆ ತೆರೆದರೆ ಕನ್ನಡದ ಒಂದಕ್ಷರವೂ ಇರಲಿಲ್ಲ. ದೊಡ್ಡ ಪಿ, ಪಕ್ಕದಲ್ಲಿ ತಲೆಯ ಮೇಲೆ ಓರೆಗೆರೆ ಹೊತ್ತ ಎ, ಪೌಂಡಿನ ಚಿಹ್ನೆ, ಹೀಗೆ ಪುಟದ ತುಂಬ ಯಾವುದೋ ಯುರೋಪಿನ ಭಾಷೆಯಂತೆ ಕಾಣುವ ಸಾಲುಗಳು. ನಿಮ್ಮಲ್ಲಿ ಆ ಕಾಲದಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಬರೆದವರಿದ್ದರೆ ಈ ದೃಶ್ಯ ಕಂಡೇ ಇರುತ್ತೀರಿ.

ಒಂದೇ ದಿನದಲ್ಲಿ ಎರಡು ಬಗೆಯ ನಷ್ಟ. ಎರಡನ್ನೂ ಮಾಡಿದ್ದು ವಿದ್ಯುತ್ತಲ್ಲ, ದುರಸ್ತಿ. ಆ ಕಾಲದಲ್ಲಿಯೇ ಏನನ್ನೂ ಕಳೆದುಕೊಳ್ಳದೆ ಅದೇ ಯಂತ್ರವನ್ನು ಸರಿಪಡಿಸುವ ದಾರಿ ವಿಂಡೋಸಿನ ಸಿಡಿಯೊಳಗೇ ಇತ್ತೆಂಬುದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ. ಆ ದಾರಿ ಹೇಗೆ ಹುಟ್ಟಿತು, ನಮ್ಮಂಥವರಿಗೆ ಏಕೆ ಕಾಣಲಿಲ್ಲ ಎಂಬುದನ್ನು ನೋಡೋಣ.

ಕೆಡುವುದು ಏನು?

ಕಾರ್ಯಾಚರಣ ವ್ಯವಸ್ಥೆ ಎಂದು ನಾವು ಪಾಠಗಳಲ್ಲಿ ಕರೆಯುವ ಆಪರೇಟಿಂಗ್ ಸಿಸ್ಟಂ ಕೂಡ ಕಡತಗಳ ಒಂದು ಗುಂಪೇ. ನೀವು ಬರೆದ ಪತ್ರ, ವಿದ್ಯಾರ್ಥಿಗಳ ಅಂಕಪಟ್ಟಿ ಇವು ಇರುವ ಅದೇ ಡಿಸ್ಕಿನಲ್ಲಿ ಅದೂ ಇರುತ್ತದೆ. ಇವೆರಡಕ್ಕೆ ಒಂದು ವ್ಯತ್ಯಾಸವಿದೆ. ನಿಮ್ಮ ಪತ್ರವನ್ನು ನೀವು ಮುಟ್ಟಿದಾಗ ಮಾತ್ರ ಡಿಸ್ಕಿನ ಆ ಭಾಗದಲ್ಲಿ ಬರವಣಿಗೆ ನಡೆಯುತ್ತದೆ. ಆಪರೇಟಿಂಗ್ ಸಿಸ್ಟಂ ಮಾತ್ರ ನೀವು ಸುಮ್ಮನೆ ಕುಳಿತಿದ್ದಾಗಲೂ ತನ್ನ ಕೆಲವು ಕಡತಗಳನ್ನು ತಿದ್ದುತ್ತಲೇ ಇರುತ್ತದೆ. ವಿದ್ಯುತ್ ಹೋದಾಗ ಮೊದಲು ಪೆಟ್ಟು ತಿನ್ನುವ ಸಂಭವ ಯಾವುದಕ್ಕೆ ಹೆಚ್ಚೆಂದು ಇದರಿಂದಲೇ ಊಹಿಸಬಹುದು.

ಇನ್ನೊಂದು ಕಾರಣವೂ ಉಂಟು. ವೇಗಕ್ಕಾಗಿ ಕಂಪ್ಯೂಟರ್, ಬರೆಯಬೇಕಾದ್ದನ್ನು ಸ್ವಲ್ಪ ಹೊತ್ತು ಸ್ಮೃತಿಯಲ್ಲಿ ಇಟ್ಟುಕೊಂಡು 'ಬರೆದಾಯಿತು' ಎಂದು ಮೊದಲೇ ಹೇಳಿಬಿಡುತ್ತದೆ. ನಿಜವಾಗಿ ಡಿಸ್ಕಿಗೆ ಹೋಗುವುದು ಆಮೇಲೆ. ನಡುವೆ ವಿದ್ಯುತ್ ಕಡಿದರೆ ಕಡತದ ಒಂದು ಭಾಗ ಹೊಸದು, ಇನ್ನೊಂದು ಭಾಗ ಹಳೆಯದು ಆಗಿ ಉಳಿಯುತ್ತದೆ. ವಿಂಡೋಸ್ ಎನ್‌ಟಿಯೊಂದಿಗೆ 1993ರಲ್ಲಿ ಬಂದ ಎನ್‌ಟಿಎಫ್‌ಎಸ್ ಎಂಬ ಕಡತವ್ಯವಸ್ಥೆ ಇದಕ್ಕೆ ಒಂದು ಉಪಾಯ ಮಾಡಿತ್ತು. ಸಹಕಾರಿ ಸಂಘದ ಗುಮಾಸ್ತರು ಪ್ರತಿ ವ್ಯವಹಾರವನ್ನೂ ಮೊದಲು ದಿನವಹಿಯಲ್ಲಿ ಬರೆದು ಆಮೇಲೆ ಖಾತೆಗೆ ಏರಿಸುತ್ತಾರಲ್ಲವೆ? ಹಾಗೆಯೇ ಅದು ಮಾಡಲಿರುವ ಬದಲಾವಣೆಯನ್ನು ಮೊದಲು ಒಂದು ದಾಖಲೆಯಲ್ಲಿ ಬರೆದುಕೊಳ್ಳುತ್ತದೆ. ಅರ್ಧದಲ್ಲಿ ನಿಂತರೆ ದಾಖಲೆ ನೋಡಿ ಸರಿಮಾಡಿಕೊಳ್ಳುತ್ತದೆ. ಆದರೆ ಹೀಗೆ ಕಾಪಾಡುವುದು ಯಾವ ಕಡತ ಎಲ್ಲಿದೆ ಎಂಬ ಲೆಕ್ಕವನ್ನು ಮಾತ್ರ. ಕಡತದ ಒಳಗಿನ ಮಾತಿಗೆ ಭರವಸೆಯಿಲ್ಲ. ನಮ್ಮ ಯಂತ್ರದಲ್ಲಿ ಕೆಟ್ಟದ್ದು ಅಂಥ ಒಂದು ಕಡತದ ಒಳಗಿನ ಮಾತು. ಡಿಸ್ಕ್ ಚೆನ್ನಾಗಿತ್ತು, ಪಟ್ಟಿ ಚೆನ್ನಾಗಿತ್ತು, ವಿಂಡೋಸಿನ ಉಳಿದ ಸಾವಿರಾರು ಕಡತಗಳೂ ಚೆನ್ನಾಗಿದ್ದವು.

ಬೇರೆಬೇರೆಯಾಗಿದ್ದ ಕಾಲ

1981ರಲ್ಲಿ ಐಬಿಎಂ ಪಿಸಿ ಬಂದಾಗ ಈ ಸಮಸ್ಯೆಯೇ ಬೇರೆ ರೂಪದಲ್ಲಿತ್ತು. ಎರಡು ಫ್ಲಾಪಿ ಡ್ರೈವುಗಳಿದ್ದ ಯಂತ್ರದಲ್ಲಿ ಒಂದಕ್ಕೆ ಡಾಸ್ ಇರುವ ಫ್ಲಾಪಿ ಹಾಕುತ್ತಿದ್ದರು, ಇನ್ನೊಂದಕ್ಕೆ ತಮ್ಮ ಬರಹದ ಫ್ಲಾಪಿ. ಡಾಸ್‌ನ ಫ್ಲಾಪಿ ಕೆಟ್ಟರೆ ಇನ್ನೊಂದನ್ನು ಹಾಕಿದರಾಯಿತು. ಹಾರ್ಡ್ ಡಿಸ್ಕ್ ಬಂದು ಎರಡೂ ಒಂದೇ ಕಡೆ ಸೇರಿದಾಗಲೂ ದುರಸ್ತಿ ಕಷ್ಟವಾಗಲಿಲ್ಲ. 'ಸಿಸ್' ಎಂಬ ಒಂದು ಆದೇಶ ಇತ್ತು. ಫ್ಲಾಪಿಯಿಂದ ಆರಂಭಿಸಿ ಅದನ್ನು ಕೊಟ್ಟರೆ ಡಾಸ್‌ನ ಮೂಲ ಕಡತಗಳು ಮಾತ್ರ ಹೊಸದಾಗಿ ಡಿಸ್ಕಿಗೆ ಹೋಗುತ್ತಿದ್ದವು. ಬರಹಕ್ಕೂ ಇತರ ತಂತ್ರಾಂಶಗಳಿಗೂ ಏನೂ ಆಗುತ್ತಿರಲಿಲ್ಲ. ಒಂದೆರಡು ನಿಮಿಷದ ಕೆಲಸ.

ಯುನಿಕ್ಸ್ ಜಗತ್ತಿನಲ್ಲಿ ಈ ವಿಂಗಡಣೆ ಇನ್ನೂ ಹಳೆಯದು, ಅದು ಹುಟ್ಟಿದ್ದರಲ್ಲಿ ಆಕಸ್ಮಿಕದ ಪಾಲೂ ಇದೆ. 1970ರ ದಶಕದ ಮೊದಲಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಬಳಸುತ್ತಿದ್ದ ಯಂತ್ರದಲ್ಲಿ ಬಳಕೆದಾರರ ಕಡತಗಳು ಬೇರೆ ಡಿಸ್ಕಿನಲ್ಲಿದ್ದವು, ಅದರ ಹೆಸರು 'ಯುಎಸ್‌ಆರ್'. ವ್ಯವಸ್ಥೆ ದೊಡ್ಡದಾಗಿ ತನ್ನ ಡಿಸ್ಕಿನಲ್ಲಿ ಹಿಡಿಸದಾದಾಗ ಅದರ ಕಡತಗಳೂ ಈ ಡಿಸ್ಕಿಗೆ ಹರಿದವು. ಮುಂದೆ ಬಳಕೆದಾರರಿಗೆ 'ಹೋಮ್' ಎಂಬ ಪ್ರತ್ಯೇಕ ಜಾಗ ಬಂತು. ಇಂದು ಲಿನಕ್ಸ್ ಹಾಕುವಾಗ 'ಹೋಮ್' ಭಾಗವನ್ನು ಬೇರೆ ವಿಭಾಗದಲ್ಲಿ ಇಡಿ ಎಂದು ಹೇಳುವುದು ಈ ಪರಂಪರೆಯಿಂದ. ಹಾಗೆ ಇಟ್ಟರೆ ವ್ಯವಸ್ಥೆಯನ್ನು ಹತ್ತು ಬಾರಿ ಬದಲಿಸಿದರೂ ನಿಮ್ಮ ಕಡತ ಅಲುಗುವುದಿಲ್ಲ.

ವಿಂಡೋಸ್ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಹೋಯಿತು. 1995ರ ಆಗಸ್ಟಿನಲ್ಲಿ ವಿಂಡೋಸ್ 95 ಬಂದಾಗ ರಿಜಿಸ್ಟ್ರಿ ಎಂಬುದು ಎಲ್ಲದರ ಕೇಂದ್ರವಾಯಿತು. ಯಂತ್ರದ ಭಾಗಗಳ ವಿವರ, ಪ್ರತಿಯೊಂದು ತಂತ್ರಾಂಶದ ವಿಳಾಸ, ಬಳಕೆದಾರರ ಇಷ್ಟಾನಿಷ್ಟ ಎಲ್ಲವೂ ಈ ಒಂದು ಭಂಡಾರದಲ್ಲಿ. ತಂತ್ರಾಂಶಗಳು ತಮ್ಮ ಡಿಎಲ್‌ಎಲ್ ಕಡತಗಳನ್ನೂ ವಿಂಡೋಸಿನ ಫೋಲ್ಡರಿನಲ್ಲೇ ತಂದಿಡತೊಡಗಿದವು. ಒಂದು ಮನೆಯ ಗೋಡೆಗೆ ಇನ್ನೊಂದು ಮನೆಯ ಮಾಡು ಆತುಕೊಂಡ ಹಾಗೆ. ಅನುಕೂಲ ಇತ್ತು, ಇಲ್ಲವೆನ್ನಲಾರೆ. ಆದರೆ ದುರಸ್ತಿಯ ದೃಷ್ಟಿಯಿಂದ ಇದರ ಅರ್ಥ ಇಷ್ಟು: ವಿಂಡೋಸನ್ನು ಅಳಿಸಿ ಹೊಸದಾಗಿ ಹಾಕಿದರೆ ತಂತ್ರಾಂಶದ ಕಡತಗಳು ಡಿಸ್ಕಿನಲ್ಲೇ ಇದ್ದರೂ ಬಹುಪಾಲು ಕೆಲಸ ಮಾಡವು, ಏಕೆಂದರೆ ಅವುಗಳ ಬೇರು ರಿಜಿಸ್ಟ್ರಿಯಲ್ಲಿತ್ತು. ದತ್ತಾಂಶವನ್ನು ನಕಲು ಮಾಡಿ ಉಳಿಸಬಹುದು, ತಂತ್ರಾಂಶವನ್ನು ಹಾಗೆ ಉಳಿಸಲಾಗದು ಎಂಬ ಕಷ್ಟ ಹುಟ್ಟಿದ್ದು ಇಲ್ಲಿ.

ಕಷ್ಟ ತಂದವರೇ ಪರಿಹಾರವನ್ನೂ ಹುಡುಕಬೇಕಾಯಿತು. ವಿಂಡೋಸ್ 98, ರಿಜಿಸ್ಟ್ರಿಯ ನಕಲನ್ನು ದಿನಕ್ಕೊಮ್ಮೆ ತಾನಾಗಿ ತೆಗೆದು, ಕೊನೆಯ ಐದು ನಕಲುಗಳನ್ನು ಇಟ್ಟುಕೊಳ್ಳುತ್ತಿತ್ತು. ಡಾಸ್‌ನಿಂದ ಒಂದು ಆದೇಶ ಕೊಟ್ಟು ಅವುಗಳಲ್ಲೊಂದನ್ನು ಮರಳಿಸಬಹುದಿತ್ತು. ಕೆಟ್ಟ ವ್ಯವಸ್ಥಾ ಕಡತಗಳನ್ನು ಹುಡುಕುವ ಸಿಸ್ಟಂ ಫೈಲ್ ಚೆಕರ್ ಬಂದದ್ದೂ ಅದರಲ್ಲೇ. 2000ದಲ್ಲಿ ಎರಡು ಹೆಜ್ಜೆ ಒಟ್ಟಿಗೆ ಬಿದ್ದವು: ವಿಂಡೋಸ್ 2000 ತನ್ನ ಮುಖ್ಯ ಕಡತಗಳನ್ನು ಬೇರೆ ತಂತ್ರಾಂಶಗಳು ಬದಲಿಸದಂತೆ ಕಾಯತೊಡಗಿತು, ವಿಂಡೋಸ್ ಎಂಇಯಲ್ಲಿ ಸಿಸ್ಟಂ ರೀಸ್ಟೋರ್ ಬಂತು. ಎಂಇಯನ್ನು ಹೊಗಳಿದವರು ಕಡಿಮೆ, ಆದರೆ ಈ ಒಂದು ಗುಣ ಮುಂದಿನ ಎಲ್ಲ ಆವೃತ್ತಿಗಳಿಗೂ ಹರಿಯಿತು.

ಎರಡನೆಯ ಪರದೆಯ 'ಆರ್'

2001ರ ಅಕ್ಟೋಬರ್ 25ರಂದು ವಿಂಡೋಸ್ ಎಕ್ಸ್‌ಪಿ ಬಿಡುಗಡೆಯಾಯಿತು. ನಮ್ಮ ಊರುಗಳ ಶಾಲೆ, ಸಹಕಾರಿ ಸಂಘ, ಡಿಟಿಪಿ ಅಂಗಡಿಗಳಲ್ಲಿ ಅದು ಹತ್ತು ವರ್ಷಕ್ಕೂ ಮಿಕ್ಕಿ ಆಳಿತು. ಅದರ ಸಿಡಿಯಲ್ಲಿ ದುರಸ್ತಿಗೆ ಎರಡು ಬಾಗಿಲುಗಳಿದ್ದವು, ಎರಡಕ್ಕೂ ಕೀಲಿ ಒಂದೇ ಅಕ್ಷರ: ಆರ್.

ಸಿಡಿಯಿಂದ ಆರಂಭಿಸಿದಾಗ ಮೊದಲ ಪರದೆ ಹೀಗೆ ಕೇಳುತ್ತಿತ್ತು: ವಿಂಡೋಸ್ ಹಾಕಲು ಎಂಟರ್ ಒತ್ತಿ, ರಿಕವರಿ ಕನ್ಸೋಲಿನಿಂದ ದುರಸ್ತಿ ಮಾಡಲು ಆರ್ ಒತ್ತಿ. ದುರಸ್ತಿ ಬೇಕಾದವರು ಸಹಜವಾಗಿ ಆರ್ ಒತ್ತುತ್ತಿದ್ದರು. ಆಗ ಕಪ್ಪು ಪರದೆಯಲ್ಲಿ ಆದೇಶಕ್ಕಾಗಿ ಕಾಯುವ ಒಂದು ಗೆರೆ ಬರುತ್ತಿತ್ತು. ಮುಂದೇನೆಂದು ತಿಳಿಯದೆ ಹೆಚ್ಚಿನವರು ಅಲ್ಲಿಂದಲೇ ಹಿಂದೆ ಸರಿಯುತ್ತಿದ್ದರು. ಸಾಮಾನ್ಯರಿಗೆ ಬೇಕಾದ ದುರಸ್ತಿ ಇದ್ದದ್ದು ಇನ್ನೊಂದು ಕಡೆ. ಮೊದಲ ಪರದೆಯಲ್ಲಿ ಎಂಟರ್ ಒತ್ತಬೇಕು, ಅಂದರೆ ಹೊಸದಾಗಿ ಹಾಕುವವರ ದಾರಿಯಲ್ಲಿಯೇ ಹೋಗಬೇಕು. ಪರವಾನಗಿಗೆ ಎಫ್8 ಒತ್ತಿ ಒಪ್ಪಬೇಕು. ಆಗ ಸಿಡಿಯು ಡಿಸ್ಕನ್ನು ಹುಡುಕಿ, ಈಗಾಗಲೇ ಇರುವ ವಿಂಡೋಸನ್ನು ತೋರಿಸಿ ಮತ್ತೆ ಕೇಳುತ್ತಿತ್ತು: ಇದನ್ನು ದುರಸ್ತಿ ಮಾಡಲು ಆರ್, ದುರಸ್ತಿ ಮಾಡದೆ ಹೊಸ ಪ್ರತಿ ಹಾಕಲು ಎಸ್ಕೇಪ್. ಈ ಎರಡನೆಯ ಆರ್ ಒತ್ತಿದರೆ ವಿಂಡೋಸಿನ ಕಡತಗಳಷ್ಟೇ ಸಿಡಿಯಿಂದ ಹೊಸದಾಗಿ ಬಂದು ಕೂರುತ್ತಿದ್ದವು. ತಂತ್ರಾಂಶ, ದತ್ತಾಂಶ, ಫಾಂಟ್ ಎಲ್ಲ ಇದ್ದಲ್ಲೇ ಇರುತ್ತಿದ್ದವು. ಎರಡನೆಯ ಪ್ರಶ್ನೆ ಬರದೇ ಹೋದರೆ? ಸಿಡಿಗೆ ಹಳೆಯ ವಿಂಡೋಸ್ ಗುರುತು ಸಿಕ್ಕಿಲ್ಲವೆಂದು ಅರ್ಥ. ಎಫ್3 ಒತ್ತಿ ಹೊರಬರುವುದೊಂದೇ ಕ್ಷೇಮ.

ದುರಸ್ತಿಯ ದಾರಿ ನಾಶದ ದಾರಿಯೊಂದಿಗೆ ಒಂದೇ ಬಾಗಿಲಿನಿಂದ ಒಳಗೆ ಹೋಗುತ್ತಿತ್ತು. ಹೀಗೆ ರೂಪಿಸಿದ್ದು ದೊಡ್ಡ ತಪ್ಪೆಂದೇ ನನ್ನ ಅಭಿಪ್ರಾಯ. ರಿಪೇರಿಯವರನ್ನು ಬೈದು ಪ್ರಯೋಜನವಿಲ್ಲ. ಎಂಟರ್ ಒತ್ತಲು ಹೆದರುವವರಿಗೆ ಫಾರ್ಮ್ಯಾಟ್ ಎಂಬುದು ಗೊತ್ತಿರುವ, ಖಂಡಿತವಾಗಿ ಮುಗಿಯುವ ಕೆಲಸವಾಗಿತ್ತು.

ನಮ್ಮ ಯಂತ್ರಕ್ಕೆ ಮೊದಲ ಬಾಗಿಲೂ ಸಾಕಿತ್ತು. ಎಕ್ಸ್‌ಪಿ ಮೊದಲು ಸ್ಥಾಪನೆಯಾದ ದಿನವೇ ರಿಜಿಸ್ಟ್ರಿಯ ಒಂದು ನಕಲನ್ನು ವಿಂಡೋಸ್ ಫೋಲ್ಡರಿನಲ್ಲಿ 'ರಿಪೇರ್' ಎಂಬ ಹೆಸರಿನಲ್ಲಿ ಇಡುತ್ತಿತ್ತು. ರಿಕವರಿ ಕನ್ಸೋಲಿನಿಂದ ಕೆಟ್ಟ ಐದು ರಿಜಿಸ್ಟ್ರಿ ಕಡತಗಳನ್ನು ಬೇರೆ ಹೆಸರಿನಲ್ಲಿ ತೆಗೆದಿಟ್ಟು, ಈ ಹಳೆಯ ನಕಲನ್ನು ಅಲ್ಲಿಗೆ ಹಾಕಿದರೆ ವಿಂಡೋಸ್ ಏಳುತ್ತಿತ್ತು. ಸ್ಥಾಪನೆಯ ದಿನದ ರಿಜಿಸ್ಟ್ರಿಯಾದ್ದರಿಂದ ಆಮೇಲೆ ಬಂದ ತಂತ್ರಾಂಶಗಳ ನೆನಪು ಅದಕ್ಕೆ ಇರುತ್ತಿರಲಿಲ್ಲ, ನಿಜ. ಎದ್ದ ಮೇಲೆ ಸಿಸ್ಟಂ ರೀಸ್ಟೋರ್ ಇಟ್ಟಿದ್ದ ಇತ್ತೀಚಿನ ನಕಲನ್ನು ತೆಗೆದು ಅದೇ ಕ್ರಮದಲ್ಲಿ ಹಾಕಿದರೆ ಎಲ್ಲವೂ ಮರಳುತ್ತಿತ್ತು. ಮೈಕ್ರೋಸಾಫ್ಟ್ ಈ ವಿಧಾನವನ್ನು ಹೆಜ್ಜೆಹೆಜ್ಜೆಯಾಗಿ ಪ್ರಕಟಿಸಿತ್ತು. ಇಂಗ್ಲಿಷಿನಲ್ಲಿ, ಅಂತರ್ಜಾಲದಲ್ಲಿ. ನಿಂತುಹೋದ ಕಂಪ್ಯೂಟರೊಂದೇ ಇರುವ ಶಾಲೆ ಅದನ್ನು ಎಲ್ಲಿ ಓದಬೇಕು?

ಎರಡನೆಯ ಆರ್ ಕೂಡ ಪೂರ್ಣ ನಿರಪಾಯವಾಗಿರಲಿಲ್ಲ. ಸಿಡಿ ಎಷ್ಟು ಹಳೆಯದೋ ವಿಂಡೋಸ್ ಅಷ್ಟು ಹಿಂದಕ್ಕೆ ಹೋಗುತ್ತಿತ್ತು. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಎಂಬ ವರ್ಮ್ ಹರಡಿದ ಮೇಲೆ, ಹಳೆಯ ಸಿಡಿಯಿಂದ ದುರಸ್ತಿಯಾದ ಯಂತ್ರವನ್ನು ಫೈರ್‌ವಾಲ್ ಇಲ್ಲದೆ ಅಂತರ್ಜಾಲಕ್ಕೆ ಜೋಡಿಸಿದರೆ ಕೆಲವೇ ನಿಮಿಷಗಳಲ್ಲಿ ಮತ್ತೆ ಕೆಡುವ ಅಪಾಯವಿತ್ತು. ಕಂಪನಿಯಿಂದಲೇ ವಿಂಡೋಸ್ ಹಾಕಿ ಬಂದ ಕೆಲವು ಕಂಪ್ಯೂಟರುಗಳಲ್ಲಿ ದುರಸ್ತಿಯ ವೇಳೆ ಎಲ್ಲ ಬಳಕೆದಾರರಿಗೂ ಸಾಮಾನ್ಯವಾದ ಫೋಲ್ಡರಿನ ಕಡತಗಳು ಅಳಿಯಬಹುದೆಂದು ಮೈಕ್ರೋಸಾಫ್ಟ್ ತಾನೇ ಎಚ್ಚರಿಸಿತ್ತು. ಅಂಥ ಕಂಪ್ಯೂಟರಿನೊಂದಿಗೆ ಬರುತ್ತಿದ್ದ 'ರಿಕವರಿ ಸಿಡಿ'ಯ ಕಥೆ ಇನ್ನೂ ವಿಚಿತ್ರ. ಹೆಸರು ಕೇಳಿದರೆ ಉಳಿಸುವಂಥದ್ದು. ಅನೇಕವು ಮಾಡುತ್ತಿದ್ದದ್ದು ಡಿಸ್ಕನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ತರುವುದು, ಅಂದರೆ ಇದ್ದದ್ದನ್ನೆಲ್ಲ ಅಳಿಸುವುದು.

ಆದ್ದರಿಂದ ದುರಸ್ತಿಗೆ ಮುಂಚೆ ನಕಲು ತೆಗೆಯುವುದೇ ಮೊದಲ ಕೆಲಸ. ವಿಂಡೋಸ್ ಏಳದಿದ್ದರೆ ನಕಲು ತೆಗೆಯುವುದು ಹೇಗೆ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ಬಂದದ್ದು ಜರ್ಮನಿಯಿಂದ. ಕ್ಲಾಸ್ ಕ್ನೊಪ್ಪರ್ ಎಂಬವರು 2000ದಲ್ಲಿ ಹೊರತಂದ ಕ್ನೊಪಿಕ್ಸ್ ಸಿಡಿಯಿಂದಲೇ ನಡೆಯುವ ಲಿನಕ್ಸ್ ಆಗಿತ್ತು. ಹಾರ್ಡ್ ಡಿಸ್ಕಿನ ವಿಂಡೋಸನ್ನು ಎಬ್ಬಿಸದೆಯೇ ಅದರಲ್ಲಿರುವ ಕಡತಗಳನ್ನು ಓದಿ ಬೇರೆ ಕಡೆಗೆ ನಕಲು ಮಾಡಬಹುದಿತ್ತು. 2005ರಿಂದ 2011ರವರೆಗೆ ಉಬುಂಟು ಲಿನಕ್ಸಿನವರು ಕೇಳಿದವರಿಗೆ ಅಂಚೆಯಲ್ಲಿ ಉಚಿತವಾಗಿ ಸಿಡಿ ಕಳಿಸುತ್ತಿದ್ದರು. ಹೊರದೇಶದ ಮುದ್ರೆಯ ಆ ಲಕೋಟೆ ನಮ್ಮಲ್ಲಿಗೂ ಬಂದಿತ್ತು, ಪಟ್ಟಿ ಕಳೆದುಹೋದ ಎರಡು ವರ್ಷಗಳ ಮೇಲೆ.

ಉಳಿದರೂ ಓದಲಾಗದ ಕಡತ

ಇನ್ನು ಡಿ ಡ್ರೈವಿನ ಕಡತಕ್ಕೆ ಬರೋಣ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ಎರಡನೆಯ ನಷ್ಟ ಅರ್ಥವಾಗುವುದು ಕಷ್ಟ. ಅವರ ಕಡತ ಉಳಿದರೆ ಅವರ ಬರಹವೂ ಉಳಿಯಿತು. ನಮಗೆ ಹಾಗಿರಲಿಲ್ಲ.

ಆಗ ಚಾಲ್ತಿಯಲ್ಲಿದ್ದ ಕನ್ನಡ ತಂತ್ರಾಂಶಗಳಲ್ಲಿ ಹೆಚ್ಚಿನವು ಕನ್ನಡ ಅಕ್ಷರಗಳನ್ನು ಅಕ್ಷರಗಳಾಗಿ ಕಡತದಲ್ಲಿ ಇಡುತ್ತಿರಲಿಲ್ಲ. 256 ಮನೆಗಳ ಒಂದು ಫಾಂಟಿನಲ್ಲಿ, ಲ್ಯಾಟಿನ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚೂರುಗಳನ್ನು ಕೂರಿಸಲಾಗಿತ್ತು. ಪಿ ಅಕ್ಷರದ ಮನೆಯಲ್ಲಿ 'ಕ'ದ ಕೆಳಭಾಗ, ಓರೆಗೆರೆಯ ಎ ಇರುವಲ್ಲಿ ತಲೆಕಟ್ಟು. ಎರಡೂ ಅಕ್ಕಪಕ್ಕ ಕೂತರೆ ಪರದೆಯಲ್ಲಿ 'ಕ' ಕಾಣುತ್ತದೆ. ಕಡತದೊಳಗೆ ಇರುವುದು ಲ್ಯಾಟಿನ್ ಸಂಕೇತವೇ. ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ಹೊರತಂದ 'ಬರಹ', ಕನ್ನಡ ಗಣಕ ಪರಿಷತ್ತು ಕರ್ನಾಟಕ ಸರ್ಕಾರಕ್ಕಾಗಿ ರೂಪಿಸಿದ 'ನುಡಿ' ಇವು ಕನ್ನಡವನ್ನು ಸಾವಿರಾರು ಮೇಜುಗಳಿಗೆ ತಲುಪಿಸಿದವು. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವಿಲ್ಲದಿದ್ದರೆ ಅಷ್ಟು ಸುಲಭವಾಗಿ ಬೆರಳು ಓಡುತ್ತಿರಲಿಲ್ಲ. ಈ ಕೆಲಸದ ಬೆಲೆಯನ್ನು ಕಡಿಮೆ ಮಾಡುವ ಉದ್ದೇಶ ನನಗಿಲ್ಲ. ಆ ಕಾಲದ ಯಂತ್ರಗಳಲ್ಲಿ ಬೇರೆ ದಾರಿ ಇರಲಿಲ್ಲ.

ಆದರೆ ಪರಿಣಾಮ ನೋಡಿ. ಬರಹದ ಕಡತ ಡಿ ಡ್ರೈವಿನಲ್ಲಿ. ಅದನ್ನು ಕನ್ನಡವಾಗಿ ಕಾಣಿಸುವ ಫಾಂಟು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿ. ವ್ಯವಸ್ಥೆಯನ್ನು ಅಳಿಸಿದರೆ ಕನ್ನಡಿಗನ ದತ್ತಾಂಶದ ಅರ್ಧ ಭಾಗವೂ ಅಳಿಯುತ್ತಿತ್ತು. ಯಾವ ಸಂಸ್ಥೆಯ ಯಾವ ಆವೃತ್ತಿಯ ಫಾಂಟು ಎಂಬುದು ಬರೆದವರಿಗೂ ನೆನಪಿಲ್ಲದಿದ್ದರೆ ಆ ಕಡತ ಒಗಟಾಗುತ್ತಿತ್ತು.

ಯುನಿಕೋಡ್ ಸಂಕೇತದಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಇತ್ತು. ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ, ಅದನ್ನು ಯಾವ ಫಾಂಟಿನಲ್ಲಾದರೂ ನೋಡಬಹುದು. ವಿಂಡೋಸ್ ಎಕ್ಸ್‌ಪಿಯೊಂದಿಗೆ 'ತುಂಗಾ' ಎಂಬ ಯುನಿಕೋಡ್ ಕನ್ನಡ ಫಾಂಟೂ ಬಂದಿತ್ತು. ಆದರೆ ಎಕ್ಸ್‌ಪಿಯಲ್ಲಿ ಅದು ಸರಿಯಾಗಿ ಕಾಣಬೇಕಾದರೆ ಭಾಷೆಯ ಸೆಟ್ಟಿಂಗಿಗೆ ಹೋಗಿ ಸಂಕೀರ್ಣ ಲಿಪಿಗಳ ಬೆಂಬಲವನ್ನು ಸಿಡಿಯಿಂದ ಹಾಕಿಕೊಳ್ಳಬೇಕಿತ್ತು. ಹೀಗಾಗಿ ಯುನಿಕೋಡ್ ನಮ್ಮ ಮೇಜಿಗೆ ಇಳಿಯುವಾಗ ತಡವಾಯಿತು. ಆ ನಡುವಿನ ವರ್ಷಗಳಲ್ಲಿ ಬರೆದದ್ದೆಲ್ಲ ಫಾಂಟಿನ ಹಂಗಿನಲ್ಲೇ ಇತ್ತು.

ಲಿಪಿ ಓದುವವರಿಲ್ಲದೆ ಗ್ರಂಥ ಮೌನವಾಗುವ ಈ ಅನುಭವ ನಮ್ಮ ನೆರೆಯಲ್ಲೇ ಹಿಂದೆಯೂ ಆಗಿದೆ. ಬೆಳ್ತಂಗಡಿಯಿಂದ ಗುರುವಾಯನಕೆರೆ, ವೇಣೂರು ದಾಟಿ ಹೋದರೆ ಮೂಡುಬಿದಿರೆ. ಅಲ್ಲಿನ ಗುರುಬಸದಿಗೆ ಸಿದ್ಧಾಂತ ಬಸದಿ ಎಂಬ ಹೆಸರು ಬಂದದ್ದು ಅಲ್ಲಿದ್ದ ಧವಲಾ, ಜಯಧವಲಾ, ಮಹಾಧವಲಾ ತಾಳೆಗರಿ ಗ್ರಂಥಗಳಿಂದ. ಷಟ್ಖಂಡಾಗಮಕ್ಕೆ 9ನೇ ಶತಮಾನದಲ್ಲಿ ವೀರಸೇನಾಚಾರ್ಯರು ಬರೆದ ವ್ಯಾಖ್ಯಾನವೇ ಧವಲಾ. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಗರಿಗಳ ಮೇಲಿನ ಲಿಪಿ ಹಳೆಯ ಕನ್ನಡ. ದೇಶದ ಬೇರೆಡೆಯ ವಿದ್ವಾಂಸರಿಗೆ ಈ ಗ್ರಂಥ ಹೆಸರಿನಿಂದ ಮಾತ್ರ ಗೊತ್ತಿತ್ತು. ಯಾತ್ರಿಕರು ಬಂದು ಗರಿಗಳ ದರ್ಶನ ಮಾಡಿ ಹೋಗುತ್ತಿದ್ದರು. ಪ್ರಾಕೃತ ಬಲ್ಲ ಉತ್ತರದವರಿಗೆ ಲಿಪಿ ಬಾರದು, ಲಿಪಿ ಬಲ್ಲವರಲ್ಲಿ ಪ್ರಾಕೃತ ಬಲ್ಲವರು ವಿರಳ. ದತ್ತಾಂಶ ಸುರಕ್ಷಿತ, ಓದುವ ಸಾಧನ ಇಲ್ಲ.

19ನೇ ಶತಮಾನದ ಕೊನೆಯಲ್ಲಿ ನಕಲು ಮಾಡುವ ಕೆಲಸ ಆರಂಭವಾಯಿತು. ಮೂಲವನ್ನು ಅಲ್ಲಿಯೇ ಇಟ್ಟು, ನಾಗರಿಯಲ್ಲೂ ಆಗಿನ ಕನ್ನಡ ಲಿಪಿಯಲ್ಲೂ ಕಾಗದಕ್ಕೆ ಇಳಿಸಿದರು. ಎರಡು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. ಕೆಲವು ಗರಿಗಳು ಆಗಲೇ ನಶಿಸಿದ್ದವು. ಈ ನಕಲುಗಳ ಆಧಾರದಿಂದ ಹೀರಾಲಾಲ್ ಜೈನ್ ಅವರು ಅಮರಾವತಿಯಿಂದ 1939ರಲ್ಲಿ ಮೊದಲ ಸಂಪುಟ ಪ್ರಕಟಿಸಿದರು. ಒಟ್ಟು 16 ಸಂಪುಟಗಳು ಮುಗಿಯುವಾಗ 1950ರ ದಶಕವೂ ಕೊನೆಗೆ ಬಂದಿತ್ತು. ಮೂಲವನ್ನು ಮುಟ್ಟದೆ ನಕಲು, ನಕಲಿನಲ್ಲಿ ಲಿಪಿ ಬದಲಾವಣೆ, ಆಮೇಲೆ ಮೂಲದೊಂದಿಗೆ ಹೋಲಿಕೆ. ಹಳೆಯ ನುಡಿ ಕಡತವನ್ನು ಯುನಿಕೋಡಿಗೆ ತರುವಾಗ ಇಂದು ಮಾಡಬೇಕಾದದ್ದೂ ಇದೇ ಕ್ರಮದ ಕೆಲಸ.

ಎಕ್ಸ್‌ಪಿಯ ನಂತರ

2006-07ರಲ್ಲಿ ಬಂದ ವಿಸ್ಟಾದಲ್ಲಿ ಡಿಸ್ಕಿನಿಂದ ಆರಂಭಿಸಿ ಮಾಡುವ ಆ ಎರಡನೆಯ ಆರ್ ಇಲ್ಲವಾಯಿತು. ವಿಂಡೋಸ್ ಎದ್ದಿರುವಾಗಲೇ ಸೆಟಪ್ ನಡೆಸಿ ಅದರ ಮೇಲೆಯೇ ಅದನ್ನು ಮತ್ತೆ ಹಾಕುವ ವಿಧಾನ ಉಳಿಯಿತು. ಒಂದು ಒಳ್ಳೆಯದೂ ಆಯಿತು: ಫಾರ್ಮ್ಯಾಟ್ ಮಾಡದೆ ಹೊಸ ಪ್ರತಿ ಹಾಕಿದರೆ ಹಳೆಯದೆಲ್ಲ 'ವಿಂಡೋಸ್ ಓಲ್ಡ್' ಎಂಬ ಫೋಲ್ಡರಿಗೆ ಸರಿಯತೊಡಗಿತು. 2012ರ ವಿಂಡೋಸ್ 8ರಲ್ಲಿ ಕಡತ ಉಳಿಸಿ ವ್ಯವಸ್ಥೆಯನ್ನು ಹೊಸದು ಮಾಡುವ ಗುಂಡಿ ಬಂತು, ಆದರೆ ನಾವು ಹಾಕಿಕೊಂಡ ಸಾಮಾನ್ಯ ತಂತ್ರಾಂಶಗಳು ಹೋಗುತ್ತಿದ್ದವು. ವಿಂಡೋಸ್ 10 ಮತ್ತು 11ರ 'ರೀಸೆಟ್' ಕೂಡ 'ನನ್ನ ಕಡತಗಳನ್ನು ಉಳಿಸು' ಎಂದು ಆರಿಸಿದರೂ ತಂತ್ರಾಂಶಗಳನ್ನು ತೆಗೆದುಬಿಡುತ್ತದೆ. 2024ರಲ್ಲಿ ವಿಂಡೋಸ್ 11ಕ್ಕೆ ಇನ್ನೊಂದು ಗುಂಡಿ ಸೇರಿತು: ಅಪ್‌ಡೇಟ್ ಮೂಲಕ ಅದೇ ಆವೃತ್ತಿಯನ್ನು ಮತ್ತೆ ಹಾಕುವುದು, ತಂತ್ರಾಂಶ, ಕಡತ, ಸೆಟ್ಟಿಂಗು ಮೂರನ್ನೂ ಉಳಿಸಿಕೊಂಡು. ಎಕ್ಸ್‌ಪಿಯ ಎರಡನೆಯ ಆರ್ 23 ವರ್ಷಗಳ ಮೇಲೆ ಸುಲಭವಾಗಿ ಕಾಣುವ ಜಾಗಕ್ಕೆ ಬಂದಂತಾಯಿತು. ವಿಂಡೋಸ್ ಎದ್ದಿದ್ದರೆ ಮಾತ್ರ ಅದು ಸಿಗುತ್ತದೆ ಎಂಬುದನ್ನು ಮರೆಯಬೇಡಿ.

ಅದೇ 2024ರ ಜುಲೈ 19ರಂದು ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತದ್ದು ನಿಮಗೆ ನೆನಪಿರಬಹುದು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಕಾರಣ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶ ಕಳಿಸಿದ ಒಂದು ದೋಷಪೂರಿತ ಕಡತ. ಸೇಫ್ ಮೋಡಿಗೆ ಹೋಗಿ ಆ ಒಂದು ಕಡತವನ್ನು ಅಳಿಸಿದರೆ ಯಂತ್ರ ಏಳುತ್ತಿತ್ತು. ಫಾರ್ಮ್ಯಾಟ್ ಮಾಡಬೇಕಾಗಿರಲಿಲ್ಲ, ದತ್ತಾಂಶ ಹೋಗಿರಲಿಲ್ಲ. ಆದರೆ ಡಿಸ್ಕು ಬಿಟ್‌ಲಾಕರ್‌ನಿಂದ ಗೂಢಲಿಪಿಯಲ್ಲಿದ್ದ ಕಡೆ 48 ಅಂಕಿಗಳ ಕೀಲಿ ಬೇಕಾಯಿತು, ಅದನ್ನು ಹುಡುಕುವುದೇ ಎಷ್ಟೋ ಕಡೆ ದೊಡ್ಡ ಕೆಲಸವಾಯಿತು. ಈಗಿನ ಹೊಸ ವಿಂಡೋಸ್ 11 ಯಂತ್ರಗಳಲ್ಲಿ ಈ ಗೂಢಲಿಪಿ ನಿಮಗೆ ತಿಳಿಯದಂತೆಯೇ ಚಾಲೂ ಆಗಿರಬಹುದು. ದುರಸ್ತಿಗೆ ಕೊಡುವ ಮುನ್ನ ಆ ಕೀಲಿಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಅದಿಲ್ಲದೆ ಲಿನಕ್ಸ್ ಪೆನ್‌ಡ್ರೈವಿನಿಂದ ಕಡತಗಳನ್ನು ನಕಲು ಮಾಡುವುದೂ ಆಗದು.

ನಿಮ್ಮ ಶಾಲೆಯ ಯಂತ್ರ ಇಂದು ಹೀಗೆ ನಿಂತರೆ, ಮೊದಲು ಲಿನಕ್ಸ್ ಇರುವ ಪೆನ್‌ಡ್ರೈವಿನಿಂದ ಆರಂಭಿಸಿ ಕಡತಗಳನ್ನು ಹೊರಗಿನ ಡಿಸ್ಕಿಗೆ ತೆಗೆಯಿರಿ. ನಕಲು ಮಾಡುವಾಗ ಡಿಸ್ಕು ಟಕಟಕ ಸದ್ದು ಮಾಡಿದರೆ ಅಥವಾ ತೀರಾ ನಿಧಾನವಾದರೆ ರೋಗ ಆಪರೇಟಿಂಗ್ ಸಿಸ್ಟಂನದ್ದಲ್ಲ, ಡಿಸ್ಕಿನದ್ದು. ಅದಕ್ಕೆ ಯಾವ ದುರಸ್ತಿಯನ್ನೂ ನಡೆಸದೆ ಡಿಸ್ಕನ್ನೇ ಬದಲಿಸಬೇಕು. ಡಿಸ್ಕ್ ಆರೋಗ್ಯವಾಗಿದ್ದರೆ ಸ್ಟಾರ್ಟಪ್ ರಿಪೇರ್, ರೀಸ್ಟೋರ್ ಇವುಗಳನ್ನು ನೋಡಿ. ವಿಂಡೋಸ್ ಎದ್ದಮೇಲೆ 'ಡಿಐಎಸ್‌ಎಂ' ಮತ್ತು 'ಎಸ್‌ಎಫ್‌ಸಿ' ಆದೇಶಗಳನ್ನು ಇದೇ ಅನುಕ್ರಮದಲ್ಲಿ ಕೊಡಿ. ಮೊದಲನೆಯದು ವಿಂಡೋಸ್ ಒಳಗೇ ಇಟ್ಟುಕೊಂಡಿರುವ ಮೂಲಪ್ರತಿಗಳ ಭಂಡಾರವನ್ನು ಸರಿಮಾಡುತ್ತದೆ, ಎರಡನೆಯದು ಆ ಭಂಡಾರದಿಂದ ಕೆಟ್ಟ ಕಡತಗಳನ್ನು ಬದಲಿಸುತ್ತದೆ. ಇಷ್ಟಕ್ಕೂ ಬಗ್ಗದಿದ್ದರೆ ಅದರ ಮೇಲೆಯೇ ಮತ್ತೆ ಹಾಕುವ ವಿಧಾನ. ಎಸ್‌ಎಸ್‌ಡಿ ಇರುವ ಯಂತ್ರದಲ್ಲಂತೂ ಫಾರ್ಮ್ಯಾಟ್ ಆದಮೇಲೆ ಕಡತ ಹುಡುಕಿ ತೆಗೆಯುವ ತಂತ್ರಾಂಶಗಳನ್ನು ನೆಚ್ಚಬೇಡಿ. ಅಳಿಸಿದ ಜಾಗವನ್ನು ಎಸ್‌ಎಸ್‌ಡಿ ತಾನಾಗಿಯೇ ಬರಿದು ಮಾಡಿಬಿಡುತ್ತದೆ. ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಕಂಪನಿಯ ಸಾಮಾನ್ಯ ಬೆಂಬಲ ನಿಂತಿದೆ. ಅಂಥ ಹಳೆಯ ಯಂತ್ರವನ್ನು ದುರಸ್ತಿ ಮಾಡಿದರೂ ಅಂತರ್ಜಾಲಕ್ಕೆ ಜೋಡಿಸುವ ಮುಂಚೆ ಯೋಚಿಸಿ.

ನಮ್ಮ ಡಿ ಡ್ರೈವಿನ ಅರ್ಧ ಪಟ್ಟಿ ನುಡಿಯ ಫಾಂಟು ಮತ್ತೆ ಹಾಕಿದ ದಿನವೇ ಕನ್ನಡವಾಯಿತು. ಕೆಲವು ವರ್ಷಗಳ ನಂತರ ಅದನ್ನು ಪರಿವರ್ತಕ ತಂತ್ರಾಂಶದಿಂದ ಯುನಿಕೋಡಿಗೆ ತಂದೆವು. ಅರ್ಕಾವತ್ತು ಇರುವಲ್ಲಿ, ಎರಡು ಒತ್ತು ಒಟ್ಟಿಗೆ ಬಂದಲ್ಲಿ ತಪ್ಪುಗಳಾಗಿದ್ದವು. ವಿದ್ಯಾರ್ಥಿಗಳು ನೋಟುಪುಸ್ತಕದಲ್ಲಿ ಬರೆದಿದ್ದ ಮೂಲವನ್ನು ಮುಂದಿಟ್ಟುಕೊಂಡು ಒಂದೊಂದೇ ಹೆಸರನ್ನು ಹೋಲಿಸಬೇಕಾಯಿತು. ಅಳಿದ ಅರ್ಧದ ನೋಟುಪುಸ್ತಕಗಳನ್ನು, ಕಂಪ್ಯೂಟರಿಗೆ ಏರಿತಲ್ಲ ಎಂದು, ನಾವು ಆಗಲೇ ರದ್ದಿಗೆ ಹಾಕಿದ್ದೆವು. ಮರುವರ್ಷದ ತರಗತಿಯವರು ಮತ್ತೆ ಆ ಮನೆಗಳಿಗೆ ಹೋದರು. ಹೆಚ್ಚಿನ ಹೆಸರುಗಳು ಸಿಕ್ಕವು. ಎರಡು ಮನೆಗಳಲ್ಲಿ ಹೇಳಿಕೊಟ್ಟಿದ್ದ ಹಿರಿಯರು ಆ ಮಳೆಗಾಲದ ನಂತರ ತೀರಿಕೊಂಡಿದ್ದರು. ಆ ಗದ್ದೆಗಳು ಪಟ್ಟಿಯಲ್ಲಿ ಈಗಲೂ ಸರ್ವೆ ನಂಬರಿನಲ್ಲೇ ಇವೆ.